ಕಣ್ಣಿಗೆ ಮರೆ, ವಾಸನೆಗೆ ಬಯಲು: ಕೆಲ್ಪ್ ಎಲೆಯ ಮೇಲಿನ ಕೊರಾಂಬೆ

ಆಗಸ್ಟ್ ಕೊನೆಯ ವಾರಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳ ದಡಕ್ಕೆ ಕೆಲ್ಪ್ ಎಲೆಗಳು ತೇಲಿ ಬರುತ್ತವೆ. ಕೆಲ್ಪ್ ಅಂದರೆ ತಣ್ಣೀರಿನ ಕಡಲಲ್ಲಿ ಮರದೆತ್ತರಕ್ಕೆ ಬೆಳೆಯುವ ಕಂದು ಕಡಲಪಾಚಿ. ನಮ್ಮ ಬೆಚ್ಚಗಿನ ಅರಬ್ಬೀ ಸಮುದ್ರದ ಕರಾವಳಿಯಲ್ಲಿ ಅದು ಬೆಳೆಯುವುದಿಲ್ಲ. ಹಾಗೆ ಬಂದ ಒಂದು ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದರೆ ಅದರ ಮೇಲೆ ಅಂಗೈಯಗಲದ ಬಿಳಿ ಪೊರೆಗಳು ಹಬ್ಬಿರುವುದು ಕಾಣುತ್ತದೆ. ಕ್ರೋಶಾ ಹೆಣಿಗೆಯ ಹಾಗೆ ಒಂದೇ ಅಳತೆಯ ಪುಟ್ಟ ಕಣ್ಣುಗಳು, ಸಾಲು ಸಾಲಾಗಿ. ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದರೂ ಹೆಣಿಗೆ ಬಿಟ್ಟು ಬೇರೇನೂ ಕಾಣದೆ ಹೋಗಬಹುದು. ಆಮೇಲೆ ಹೆಣಿಗೆಯ ಒಂದು ಚೂರು ಮೆಲ್ಲಗೆ ಜರುಗುತ್ತದೆ.

ಜರುಗಿದ್ದು ಕೊರಾಂಬೆ ಸ್ಟೈನ್‌ಬರ್ಗೆ ಎಂಬ ಸೀ ಸ್ಲಗ್. ಮಳೆಗಾಲದಲ್ಲಿ ಮಲೆನಾಡಿನ ಬಚ್ಚಲುಮನೆಯ ಗೋಡೆಯ ಮೇಲೆ ಹರಿದಾಡುವ ಸಿಂಬಳದ ಹುಳುವನ್ನು ಬಲ್ಲವರಿಗೆ ಇದರ ಕುಲ ತಿಳಿಸುವುದು ಸುಲಭ: ಬಸವನಹುಳುವಿನ ಬಳಗ, ಆದರೆ ಬೆನ್ನ ಮೇಲೆ ಚಿಪ್ಪಿಲ್ಲ. ಕಡಲಿನಲ್ಲಿ ಇದರ ಗುಂಪಿಗೆ ನ್ಯೂಡಿಬ್ರಾಂಕ್ ಎಂದು ಹೆಸರು. ಸುಮಾರು ಮೂರು ಸಾವಿರ ಬಗೆಗಳಿವೆ. ಅವುಗಳಲ್ಲಿ ನೀಲಿ, ಕಿತ್ತಳೆ, ನೇರಳೆ ಬಣ್ಣ ಬಳಿದುಕೊಂಡು ‘ನನ್ನನ್ನು ತಿಂದರೆ ಕಹಿ’ ಎಂದು ಸಾರುವವುಗಳ ಚಿತ್ರಗಳೇ ಪತ್ರಿಕೆಗಳಲ್ಲಿ ಹೆಚ್ಚು. ಕೊರಾಂಬೆಯ ದಾರಿ ಅದಲ್ಲ. ತಾನು ತಿನ್ನುವ ಪ್ರಾಣಿಯ ಮೈಯಂತೆಯೇ ತನ್ನ ಮೈಯನ್ನು ಮಾಡಿಕೊಂಡು, ಅದರ ಮೇಲೇ ಕೂತು, ಅದನ್ನೇ ತಿನ್ನುತ್ತದೆ.

ಈ ಹುಳುವಿನ ಬಗ್ಗೆ ಅರವತ್ತು ವರ್ಷಗಳಿಂದ ನಡೆದ ಕೆಲಸವನ್ನು ಓದುತ್ತ ಹೋದರೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಇಷ್ಟು ಅಚ್ಚುಕಟ್ಟಾದ ಮಾರುವೇಷ ಯಾರ ಕಣ್ಣು ತಪ್ಪಿಸಲು? ಬೇಸಿಗೆಯ ಕೊನೆಗೆ ಒಂದೊಂದು ಎಲೆಯ ಮೇಲೂ ಸಿಗುವ ಹುಳು ಚಳಿಗಾಲದಲ್ಲಿ ಹುಡುಕಿದರೂ ಸಿಗದಂತೆ ಎಲ್ಲಿ ಹೋಗುತ್ತದೆ? ಒಂದು ವೇಷದ ಪ್ರಶ್ನೆ, ಇನ್ನೊಂದು ಋತುವಿನ ಪ್ರಶ್ನೆ. ಇವೆರಡನ್ನೂ ಬೇರೆ ಬೇರೆ ಲೇಖನಗಳಲ್ಲಿ ಬೇರೆ ಬೇರೆಯಾಗಿಯೇ ಚರ್ಚಿಸುವ ರೂಢಿಯಿದೆ. ನನಗೆ ಅವು ಒಂದೇ ಪ್ರಶ್ನೆಯ ಎರಡು ಮುಖ ಅನ್ನಿಸಿದೆ. ಕೊರಾಂಬೆ ತನ್ನ ಬಣ್ಣವನ್ನೂ ತನ್ನ ಕಾಲವನ್ನೂ ಒಂದೇ ಕಡೆಯಿಂದ, ತಾನು ಕೂತ ಮನೆಯಿಂದ ಪಡೆದಿದೆ. ಆದ್ದರಿಂದ ಮೊದಲು ಮನೆಯ ಮಾತು.

ಆ ಬಿಳಿ ಪೊರೆಯ ಹೆಸರು ಮೆಂಬ್ರಾನಿಪೋರ. ಅದು ಬ್ರಯೋಜೋವ ಎಂಬ ಗುಂಪಿನ ಪ್ರಾಣಿ. ಹಾವಸೆಯ ಹಾಗೆ ಹಬ್ಬುವುದರಿಂದ ಗ್ರೀಕ್ ಭಾಷೆಯಲ್ಲಿ ‘ಹಾವಸೆ ಪ್ರಾಣಿ’ ಎಂಬ ಅರ್ಥದ ಹೆಸರು ಬಿದ್ದಿದೆ. ಒಂದು ಪ್ರಾಣಿ ಎನ್ನುವುದಕ್ಕಿಂತ ಸಾವಿರಾರು ಪ್ರಾಣಿಗಳ ವಠಾರ ಎನ್ನುವುದು ಸರಿ. ಒಂದೊಂದು ಕೋಣೆಯೂ ಒಂದು ಮಿಲಿಮೀಟರಿಗಿಂತ ಚಿಕ್ಕದು, ಉದ್ದ ಚೌಕದ ಆಕಾರ, ಸುತ್ತ ಸುಣ್ಣದ ತೆಳು ಗೋಡೆ, ಮೇಲೆ ಪಾರದರ್ಶಕ ಪೊರೆ. ಒಳಗೆ ಕೂತ ಜೀವ ತನ್ನ ಎಳೆಗೈಗಳ ಕಿರೀಟವನ್ನು ಹೊರಚಾಚಿ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ಪಕ್ಕದ ಕೋಣೆಗಳ ಜೊತೆ ಗೋಡೆ ಹಂಚಿಕೊಂಡಿರುವುದಷ್ಟೇ ಅಲ್ಲ, ಗೋಡೆಯ ಸಣ್ಣ ಕಿಂಡಿಗಳ ಮೂಲಕ ಆಹಾರವೂ ಕೋಣೆಯಿಂದ ಕೋಣೆಗೆ ಹೋಗುತ್ತದೆ. ವಠಾರ ಬೆಳೆಯುವುದು ಅಂಚಿನಲ್ಲಿ. ಸುತ್ತಲೂ ಹೊಸ ಕೋಣೆಗಳ ಸಾಲು ಕಟ್ಟುತ್ತಲೇ ಇರುತ್ತದೆ.

ಕೆಲ್ಪ್ ಎಲೆಯ ಮೇಲೆ ಮನೆ ಕಟ್ಟುವುದು ಸುಲಭವಲ್ಲ. ಅಲೆ ಬಡಿದಾಗಲೆಲ್ಲ ಎಲೆ ಬಾಗುತ್ತದೆ, ತಿರುಚುತ್ತದೆ. ಗಟ್ಟಿ ಸುಣ್ಣದ ಗೋಡೆ ಒಡೆದು ಹೋಗಬೇಕು. ಮೆಂಬ್ರಾನಿಪೋರದ ಗೋಡೆಗಳಲ್ಲಿ ಅಲ್ಲಲ್ಲಿ ಸುಣ್ಣ ಕಟ್ಟದ ಮೆತ್ತನೆಯ ಪಟ್ಟಿಗಳಿವೆ. ಅಲ್ಲಿ ವಠಾರ ಎಲೆಯೊಡನೆ ಮಡಚಿಕೊಳ್ಳುತ್ತದೆ. ಇನ್ನೊಂದು ಜಾಣತನವೂ ಉಂಟು. ಕೆಲ್ಪ್ ಎಲೆ ಬುಡದಲ್ಲಿ ಬೆಳೆಯುತ್ತ ತುದಿಯಲ್ಲಿ ಸವೆಯುತ್ತದೆ. ತುದಿ ಹಳೆಯದು, ಬುಡ ಎಳೆಯದು. ಈ ಪ್ರಾಣಿ ಬುಡದ ಕಡೆಗೇ ಹೆಚ್ಚು ವೇಗವಾಗಿ ಹಬ್ಬುತ್ತದೆ, ಕುಸಿಯುತ್ತಿರುವ ದಂಡೆಯಿಂದ ದೂರ ದೂರ ಗುಡಿಸಲು ಕಟ್ಟುತ್ತ ಹೋಗುವವರ ಹಾಗೆ. ತನ್ನ ಮನೆ ಶಾಶ್ವತವಲ್ಲ ಎಂಬ ಲೆಕ್ಕ ಅದರ ಬೆಳವಣಿಗೆಯಲ್ಲೇ ಸೇರಿಕೊಂಡಿದೆ. ಕೊರಾಂಬೆಯ ಕಾಲಜ್ಞಾನಕ್ಕೂ ಬುನಾದಿ ಇಲ್ಲೇ ಇದೆ.

ಈಗ ಹುಳು. 1962ರಲ್ಲಿ ಕ್ಯಾಲಿಫೋರ್ನಿಯಾದ ಜೇಮ್ಸ್ ಲ್ಯಾನ್ಸ್ ಇದನ್ನು ಮೊದಲ ಸಲ ವಿವರಿಸಿ, ಸೀ ಸ್ಲಗ್‌ಗಳ ಅಧ್ಯಯನ ಮಾಡಿದ ಜೋನ್ ಸ್ಟೈನ್‌ಬರ್ಗ್ ಅವರ ಹೆಸರಿಟ್ಟರು. ಆಗ ಇದು ಕೊರಾಂಬೆಲ್ಲ, ಆಮೇಲೆ ಹಲವು ದಶಕ ಡೊರಿಡೆಲ್ಲ, ಈಗ ಕೊರಾಂಬೆ. ಹಳೆಯ ಸಂಶೋಧನೆಗಳನ್ನು ಹುಡುಕುವವರು ಡೊರಿಡೆಲ್ಲ ಎಂಬ ಹೆಸರನ್ನು ಮರೆಯಬಾರದು, ಮುಖ್ಯವಾದ ಕೆಲಸವೆಲ್ಲ ಆ ಹೆಸರಿನಡಿಯಲ್ಲೇ ಇದೆ. ದೊಡ್ಡದೆಂದರೂ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಹೆಚ್ಚಿನವು ಅದರ ಅರ್ಧವೂ ಇರುವುದಿಲ್ಲ. ಮೈ ಬಿಲ್ಲೆಯಂತೆ ಚಪ್ಪಟೆ. ಬೆನ್ನಿನ ಹೊದಿಕೆ ಗಾಜಿನಂತೆ ಪಾರದರ್ಶಕ, ಅದರ ಮೇಲೆ ಬಿಳಿ ಗೆರೆಗಳ ಜಾಲ. ಆ ಗೆರೆಗಳ ನಡುವಿನ ಅಂತರ ಮೆಂಬ್ರಾನಿಪೋರದ ಕೋಣೆಯ ಗೋಡೆಗಳ ಅಂತರಕ್ಕೆ ಹೊಂದುತ್ತದೆ. ಗೆರೆಯಿಲ್ಲದ ಕಡೆ ಕೆಳಗಿನ ಕೋಣೆಗಳೇ ಕಾಣುತ್ತವೆ. ಚಿತ್ರ ಬರೆದಷ್ಟು ಬರೆದು, ಉಳಿದದ್ದನ್ನು ಹಿನ್ನೆಲೆಗೆ ಬಿಟ್ಟುಕೊಟ್ಟ ಹಾಗೆ.

ಇದರ ಹತ್ತಿರದ ನೆಂಟರಾದ ಡೋರಿಡ್‌ಗಳು ಬೆನ್ನಿನ ಹಿಂಭಾಗದಲ್ಲಿ ಹೂವಿನಂತೆ ಅರಳಿದ ಕಿವಿರುಗಳನ್ನು ಹೊತ್ತಿರುತ್ತವೆ. ಹೆಣಿಗೆಯ ನಡುವೆ ಹೂವೊಂದು ಎದ್ದು ನಿಂತರೆ ಮಾರುವೇಷ ಕೆಟ್ಟಂತೆ. ಕೊರಾಂಬೆಯಲ್ಲಿ ಆ ಕಿವಿರುಗಳು ಬೆನ್ನಿನಿಂದ ಇಳಿದು, ಹಿಂಬದಿಯಲ್ಲಿ ಹೊದಿಕೆಗೂ ಪಾದಕ್ಕೂ ನಡುವಿನ ಸಂದಿಯಲ್ಲಿ ಸೇರಿಕೊಂಡಿವೆ. ಬಣ್ಣಕ್ಕಿಂತ ಇದು ನನಗೆ ದೊಡ್ಡ ಸಂಗತಿ. ಗೆರೆ ಎಳೆದುಕೊಳ್ಳುವುದು ಒಂದು ತೂಕ. ಉಸಿರಾಡುವ ಅಂಗವನ್ನೇ ಎತ್ತಿ ಬೇರೆಡೆ ಇಟ್ಟುಕೊಳ್ಳುವುದು ಇನ್ನೊಂದೇ ತೂಕ. 

ಅದೇ ಎಲೆಯ ಮೇಲೆ, ಎಷ್ಟೋ ಸಲ ಅದೇ ವಠಾರದ ಮೇಲೆ, ಕೊರಾಂಬೆ ಪೆಸಿಫಿಕ ಎಂಬ ಅಣ್ಣತಮ್ಮನೂ ಸಿಗುತ್ತಾನೆ. ಅದನ್ನು 1929ರಲ್ಲಿ ಮ್ಯಾಕ್‌ಫರ್ಲಂಡ್ ಮತ್ತು ಓ’ಡೊನಹ್ಯೂ ವಿವರಿಸಿದರು. ಹೊದಿಕೆಯ ಹಿಂದುಗಡೆ ಒಂದು ಕಚ್ಚು ಇದ್ದರೆ ಪೆಸಿಫಿಕ, ಇಲ್ಲದಿದ್ದರೆ ಸ್ಟೈನ್‌ಬರ್ಗೆ. ಒಂದೇ ಊಟದ ಎಲೆಗೆ ಕೂತ ಈ ಇಬ್ಬರು ಒಬ್ಬರನ್ನೊಬ್ಬರು ಹೊರಗಟ್ಟದೆ ಹೇಗೆ ಬಾಳುತ್ತಾರೆ ಎಂಬುದನ್ನೇ ಪಾಲ್ ಯೋಶಿಯೋಕ 1986ರಲ್ಲಿ ಪ್ರತ್ಯೇಕವಾಗಿ ಚರ್ಚಿಸಿದ್ದಾರೆ.

ಸೀ ಸ್ಲಗ್‌ಗಳ ಚರಿತ್ರೆಯಲ್ಲಿ ಕನ್ನಡ ನಾಡನ್ನು ಮುಟ್ಟುವ ಒಂದು ಎಳೆಯಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕನ್ನಡ ಶಾಸನಗಳನ್ನು ಸಂಗ್ರಹಿಸಿದ ಎಲಿಯಟ್ ಎಂದು ನಮ್ಮ ಇತಿಹಾಸದ ವಿದ್ಯಾರ್ಥಿಗಳು ಅವನನ್ನು ಬಲ್ಲರು. ಅದೇ ಎಲಿಯಟ್ ಮುಂದೆ ಪೂರ್ವ ಕರಾವಳಿಯಲ್ಲಿದ್ದಾಗ ಸೀ ಸ್ಲಗ್‌ಗಳನ್ನು ಸಂಗ್ರಹಿಸಿದ. ಬ್ರಿಟನ್ನಿನ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾನ್‌ಕಾಕ್ 1864ರಲ್ಲಿ ಆ ಸಂಗ್ರಹವನ್ನು ಪ್ರಕಟಿಸಿದರು. ಅದರಲ್ಲಿದ್ದ ಒಂದು ಚೆಂದದ ಹುಳುವಿಗೆ ಕಳಿಂಗ ಆರ್ನಾಟ ಎಂಬ ಹೆಸರು ಇಂದಿಗೂ ಉಳಿದಿದೆ. ಆಲ್ಡರ್-ಹ್ಯಾನ್‌ಕಾಕ್ ಕಾಲದ ಕೆಲಸವೆಂದರೆ ಮುಖ್ಯವಾಗಿ ರೂಪದ ವರ್ಣನೆ. ಹುಳು ಯಾವ ತಿಂಗಳಲ್ಲಿ ಹುಟ್ಟಿ ಯಾವ ತಿಂಗಳಲ್ಲಿ ಸಾಯುತ್ತದೆ, ಏಕೆ ಎಂಬ ಪ್ರಶ್ನೆ ಮುನ್ನೆಲೆಗೆ ಬರಲು ಇನ್ನೂ ನೂರು ವರ್ಷ ಹಿಡಿಯಿತು.

ಆ ಪ್ರಶ್ನೆಯನ್ನು ಒಂದು ಚೌಕಟ್ಟಿಗೆ ತಂದವರು ಬ್ರಿಟನ್ನಿನ ಕ್ರಿಸ್ಟೊಫರ್ ಟಾಡ್. 1981ರ ಅವರ ಸಮೀಕ್ಷೆಯ ತಿರುಳು ಸರಳ: ಸೀ ಸ್ಲಗ್ಗಿನ ಆಯುಸ್ಸನ್ನು ಅದರ ಊಟ ನಿರ್ಧರಿಸುತ್ತದೆ. ಸ್ಪಂಜಿನಂತೆ ವರ್ಷಗಟ್ಟಲೆ ಕದಲದೆ ಇರುವ ಪ್ರಾಣಿಯನ್ನು ತಿನ್ನುವವು ಸಾವಧಾನವಾಗಿ ಬೆಳೆದು ವರ್ಷಕ್ಕೊಂದು ತಲೆಮಾರು ಕಾಣುತ್ತವೆ. ಇಂದು ಹುಟ್ಟಿ ನಾಳೆ ಇಲ್ಲವಾಗುವ ಊಟವನ್ನು ನೆಚ್ಚಿದವು ಅವಸರದವು. ವಾರಗಳಲ್ಲಿ ಬೆಳೆದು, ಮೊಟ್ಟೆಯಿಟ್ಟು, ಒಂದೇ ವರ್ಷದಲ್ಲಿ ಹಲವು ತಲೆಮಾರು ಮುಗಿಸುತ್ತವೆ. ಕೊರಾಂಬೆ ಎರಡನೆಯ ಪಂಗಡದ್ದು. ಈ ಚೌಕಟ್ಟಿಗೆ ಹೊಂದದ ಹುಳುಗಳೂ ಇವೆ, ಆದರೆ ಕೊರಾಂಬೆಯ ವಿಷಯದಲ್ಲಿ ಅದು ಹೇಳುವುದು ಸತ್ಯ.

ಸ್ಯಾನ್ ವಾನ್ ದ್ವೀಪಗಳ ಸುತ್ತಲಿನ ಮುಖ್ಯ ಕೆಲ್ಪ್ ಎಂದರೆ ಬುಲ್ ಕೆಲ್ಪ್. ಇದು ವಾರ್ಷಿಕ ಸಸ್ಯದಂತೆ ಬಾಳುತ್ತದೆ. ವಸಂತದಲ್ಲಿ ತಳದ ಬಂಡೆಯಿಂದ ಎದ್ದು, ಬೇಸಿಗೆಯ ಹೊತ್ತಿಗೆ ಹಲವು ಮೀಟರ್ ನೀರನ್ನು ದಾಟಿ ಮೇಲೆ ಬಂದು, ಗಾಳಿ ತುಂಬಿದ ಬುಗ್ಗೆಯ ಆಸರೆಯಲ್ಲಿ ಎಲೆಗಳನ್ನು ಹರಡುತ್ತದೆ. ಎಳೆಯ ಎಲೆ ನುಣುಪು, ಖಾಲಿ. ಬೇಸಿಗೆ ಏರಿದಂತೆ ಮೆಂಬ್ರಾನಿಪೋರದ ಮರಿಗಳು ನೀರಿನಿಂದ ಇಳಿಯುತ್ತವೆ: ತ್ರಿಕೋನಾಕಾರದ ಎರಡು ತೆಳು ಚಿಪ್ಪಿನ ನಡುವೆ ವಾರಗಟ್ಟಲೆ ತೇಲಿದ ಕಣದಂಥ ಜೀವಗಳು. ಒಂದು ಮರಿ ಎಲೆಗೆ ಅಂಟಿದರೆ ಮೊದಲು ಜೋಡಿ ಕೋಣೆ, ಆಮೇಲೆ ಸಾಲು, ಆಮೇಲೆ ವಠಾರ. ಬೇಸಿಗೆಯ ಕೊನೆಗೆ ಎಲೆಗಳು ಬೆಳ್ಳಗಾಗುತ್ತವೆ. ಅದರ ಬೆನ್ನಿಗೇ ಕೊರಾಂಬೆ ಬರುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಒಂದೇ ಎಲೆಯ ಮೇಲೆ ಹಲವು. ಶರತ್ಕಾಲದ ಬಿರುಗಾಳಿ ಶುರುವಾದ ಮೇಲೆ ಕೆಲ್ಪ್ ಕಿತ್ತು ಹೋಗುತ್ತದೆ. ಎಲೆಯೊಂದಿಗೆ ವಠಾರ, ವಠಾರದೊಂದಿಗೆ ಹುಳು.

ಹಾಗಾದರೆ ಚಳಿಗಾಲದಲ್ಲಿ ಹುಳು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಠಿಣವಾದದ್ದು: ಬೆಳೆದ ಹುಳುಗಳು ಎಲ್ಲಿಗೂ ಹೋಗುವುದಿಲ್ಲ. ಅವು ಅಡಗುವುದಿಲ್ಲ, ವಲಸೆ ಹೋಗುವುದಿಲ್ಲ, ಮನೆಯೊಂದಿಗೆ ಮುಗಿಯುತ್ತವೆ. ಮುಂದಿನ ಬೇಸಿಗೆಯ ಎಲೆಗೆ ಬರುವ ಹುಳು ನೀರಿನಿಂದಲೇ ಬರಬೇಕು.

ಅದು ಬರುವ ಬಗೆಯನ್ನು ಬಿಡಿಸಿ ತೋರಿಸಿದವರು ಲೂಯಿಸ್ ಬಿಕೆಲ್ ಮತ್ತು ಫು-ಶಿಯಾಂಗ್ ಚಿಯಾ. 1979ರಿಂದ 1981ರವರೆಗೆ ಪ್ರಕಟವಾದ ಅವರ ಲೇಖನಗಳು ನನ್ನ ಮಟ್ಟಿಗೆ ಈ ಹುಳುವಿನ ಬಗೆಗಿನ ಅತ್ಯಂತ ತಾಳ್ಮೆಯ ಕೆಲಸ. ಕೊರಾಂಬೆ ತನ್ನ ಮೊಟ್ಟೆಗಳನ್ನು ಬಿಳಿ ಸುರುಳಿ ಪಟ್ಟಿಯಾಗಿ ವಠಾರದ ಮೇಲೆಯೇ ಅಂಟಿಸುತ್ತದೆ. ಅದರಿಂದ ಹೊರಬರುವ ಮರಿಗೆ ಬಸವನಹುಳುವಿನಂತೆ ಚಿಪ್ಪಿದೆ! ತಾಯಿಗಿಲ್ಲದ ಚಿಪ್ಪು ಮರಿಗುಂಟು. ಕೂದಲಂಥ ಎಳೆಗಳನ್ನು ಬಡಿಯುತ್ತ ಈಜುತ್ತದೆ, ಸೂಕ್ಷ್ಮ ಪಾಚಿ ತಿನ್ನುತ್ತದೆ. ಅಂದರೆ ಈ ಹಂತದಲ್ಲಿ ಅದು ಸಸ್ಯಾಹಾರಿ. ಹೀಗೆ ವಾರಗಟ್ಟಲೆ ತೇಲಿ ಬೆಳೆದ ಮರಿ ಸಿಕ್ಕಲ್ಲೆಲ್ಲ ಇಳಿದು ಬಿಡುವುದಿಲ್ಲ. ಜೀವಂತ ಮೆಂಬ್ರಾನಿಪೋರ ಸಿಕ್ಕ ಮೇಲೇ ಚಿಪ್ಪು ಕಳಚಿ, ಈಜುವ ಅಂಗ ಕಳೆದುಕೊಂಡು, ಹುಳುವಾಗಿ ರೂಪಾಂತರ ಹೊಂದುತ್ತದೆ. ಪಾಚಿ ತಿನ್ನಲು ಮಾಡಿದ್ದ ಹೊಟ್ಟೆ ಮಾಂಸ ತಿನ್ನುವ ಹೊಟ್ಟೆಯಾಗಿ ಹೊಸದಾಗಿ ಹೊಂದಿಕೊಳ್ಳುತ್ತದೆ. ಆಮೇಲೆ ಕೋಣೆಯ ಮೇಲ್ಪೊರೆಯನ್ನು ತೂತು ಮಾಡಿ ಒಳಗಿನ ಜೀವವನ್ನು ಹೀರುವ ಕೆಲಸ.

ಎಂದರೆ ಕೊರಾಂಬೆಯ ಹಂಗಾಮು ಎಂಬುದು ಕೊರಾಂಬೆಯೊಳಗಿನ ಯಾವುದೋ ಗಡಿಯಾರದ ಮಾತು ಮಾತ್ರವಲ್ಲ. ಎಲೆಯ ಮೇಲೆ ಅದು ಯಾವಾಗ ತೋರುತ್ತದೆ ಎಂಬುದನ್ನು ಎಲೆ ಯಾವಾಗ ಬಂತು, ಎಲೆಗೆ ವಠಾರ ಯಾವಾಗ ಬಂತು ಎಂಬ ಎರಡು ಕ್ಯಾಲೆಂಡರ್‌ಗಳು ಸೇರಿ ನಿರ್ಧರಿಸುತ್ತವೆ. ಇದಕ್ಕೆ ಒಳ್ಳೆಯ ಸಾಕ್ಷಿ ದಕ್ಷಿಣ ಕ್ಯಾಲಿಫೋರ್ನಿಯಾ. ಅಲ್ಲಿನ ಜೈಂಟ್ ಕೆಲ್ಪ್ ಬಹುವಾರ್ಷಿಕ; ಹಳೆಯ ಕಾಂಡ ಹೋದಂತೆ ಅದೇ ಬುಡದಿಂದ ಹೊಸದು ಬರುತ್ತದೆ, ಅನುಕೂಲದ ದಿನಗಳಲ್ಲಿ ದಿನಕ್ಕೆ ಮೂವತ್ತು ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಎಲೆ ಇಲ್ಲದ ಋತುವೇ ಇಲ್ಲ. ಅಲ್ಲಿ ಹುಳುವಿನ ಏರಿಳಿತ ಉತ್ತರದಷ್ಟು ಕಡಿದಾಗಿಲ್ಲ. ಹೆಚ್ಚಿನ ತಿಂಗಳುಗಳಲ್ಲಿ ಸಿಗುತ್ತದೆ. ಎಲೆ ಸದಾ ಇರುವಲ್ಲಿ ಏರಿಳಿತ ತರುವುದು ಇನ್ನೊಂದು ಕ್ಯಾಲೆಂಡರ್. ಯೋಶಿಯೋಕ 1982ರಲ್ಲಿ ತೋರಿಸಿದಂತೆ ಎಲೆಯ ಮೇಲೆ ಎಷ್ಟು ಮೆಂಬ್ರಾನಿಪೋರ ನೆಲೆಯೂರುತ್ತದೆ ಎಂಬುದು ನೀರಿನಲ್ಲಿ ಅದರ ಮರಿಗಳು ಎಷ್ಟು ತೇಲುತ್ತಿವೆ ಎಂಬುದನ್ನು ಅನುಸರಿಸುತ್ತದೆ. ಒಂದೇ ಹುಳು, ಎರಡು ಊರು, ಎರಡು ಹಂಗಾಮು. ಪುಸ್ತಕಗಳಲ್ಲಿ ‘ಬೇಸಿಗೆಯ ಪ್ರಾಣಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ.

ವೇಷಕ್ಕೆ ಬರೋಣ. ಬೇಟೆಗೆ ಹೋಗುವ ಹುಲಿಯ ಪಟ್ಟೆ ಜಿಂಕೆಯ ಕಣ್ಣಿಗೆ ಮರೆ. ಆದರೆ ಕೊರಾಂಬೆಯ ಬೇಟೆಗೆ ಕಣ್ಣೇ ಇಲ್ಲ. ಕೋಣೆಯೊಳಗೆ ಕೂತ ಜೀವಕ್ಕೆ ತನ್ನ ಮೇಲೆ ಹರಿದಾಡುವವನ ಬೆನ್ನಿನ ಗೆರೆ ಕಂಡರೆಷ್ಟು, ಬಿಟ್ಟರೆಷ್ಟು. ಹಾಗಂತ ಅದು ತಿಳಿಯದೆ ಕೂತಿರುತ್ತದೆಯೇ? ಇಲ್ಲ. ಈ ವಿಷಯದಲ್ಲಿ ನಡೆದ ಕೆಲಸ ಇಡೀ ಸಾಗರ ಜೀವವಿಜ್ಞಾನದಲ್ಲೇ ಹೆಸರಾದದ್ದು.

1984ರಲ್ಲಿ ಡ್ರೂ ಹಾರ್ವೆಲ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಆಗ ಅವರು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ್ದರು. ಸ್ಯಾನ್ ವಾನ್ ದ್ವೀಪದ ಫ್ರೈಡೇ ಹಾರ್ಬರ್ ಪ್ರಯೋಗಾಲಯ ಅವರ ಕಾರ್ಯಕ್ಷೇತ್ರ. ಕೊರಾಂಬೆ ತಿನ್ನಲು ಶುರುಮಾಡಿದ 36 ಗಂಟೆಗಳೊಳಗೆ ಮೆಂಬ್ರಾನಿಪೋರದ ವಠಾರ ಮುಳ್ಳು ಹಾಕಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ನಿನ್ನೆಯವರೆಗೆ ನುಣುಪಾಗಿದ್ದ ವಠಾರದಲ್ಲಿ ಈಗ ಗೋಡೆಗಳ ಮೂಲೆಯಲ್ಲಿ ಮುಳ್ಳು, ಮೇಲ್ಪೊರೆಯ ಮೇಲೆ ಮುಳ್ಳು. ಅನುಮಾನಕ್ಕೆ ಎಡೆಯಿಲ್ಲದಂತೆ ಒಂದೇ ವಠಾರದಿಂದ ತುಂಡು ಮಾಡಿದ, ಅಂದರೆ ಆನುವಂಶಿಕವಾಗಿ ಒಂದೇ ಆದ ಭಾಗಗಳನ್ನು ಹೋಲಿಸಿದರು. ಹುಳು ಮುಟ್ಟಿದ ತುಂಡಿಗೆ ಮುಳ್ಳು ಬಂತು, ಮುಟ್ಟದ ತುಂಡಿಗೆ ಬರಲಿಲ್ಲ. ಮುಂದೆ ನೋಡಿದರೆ ಹುಳು ಕಚ್ಚಲೇಬೇಕೆಂದಿಲ್ಲ, ಹುಳು ಇದ್ದ ನೀರು ತಾಗಿದರೂ ಸಾಕು. ವಠಾರ ಹುಳುವಿನ ವಾಸನೆ ಹಿಡಿಯುತ್ತದೆ. ಕಣ್ಣಿಗೆ ಅಷ್ಟು ಚೆನ್ನಾಗಿ ಮರೆಯಾದ ಪ್ರಾಣಿ ವಾಸನೆಗೆ ಬಟ್ಟಬಯಲಾಗಿದೆ.

ಮುಳ್ಳು ಬಂದ ಮೇಲೆ ಹುಳು ತಿನ್ನುವುದು ಕಡಿಮೆಯಾಗುತ್ತದೆ, ಪೂರಾ ನಿಲ್ಲುವುದಿಲ್ಲ. ಹಾಗಾದರೆ ಮುಳ್ಳನ್ನು ಸದಾ ಇಟ್ಟುಕೊಳ್ಳಬಾರದೇಕೆ? ಹಾರ್ವೆಲ್ ಅವರ 1986ರ ಮತ್ತು ನಂತರದ ಕೆಲಸದ ಗಟ್ಟಿ ಭಾಗ ಇದು. ಮುಳ್ಳಿಗೆ ಬೆಲೆ ತೆರಬೇಕು. ಮುಳ್ಳು ಹಾಕಿಕೊಂಡ ವಠಾರ ನಿಧಾನವಾಗಿ ಬೆಳೆಯುತ್ತದೆ. 1997ರಲ್ಲಿ ಡ್ಯಾನಿಯೆಲ್ ಗ್ರುನ್‌ಬಾಮ್ ಇದಕ್ಕೆ ಒಂದು ಯಾಂತ್ರಿಕ ಕಾರಣವನ್ನೂ ಕೊಟ್ಟರು: ಸಾವಿರಾರು ಎಳೆಗೈಗಳು ಕೂಡಿ ಎಬ್ಬಿಸುವ ನೀರಿನ ಹರಿವಿಗೆ ಮುಳ್ಳುಗಳು ಅಡ್ಡಿಯಾಗುತ್ತವೆ, ಊಟ ಕಡಿಮೆಯಾಗುತ್ತದೆ. ಎಲೆಯ ಮೇಲಿನ ಜಾಗಕ್ಕೆ ಪೈಪೋಟಿ ಇರುವಾಗ, ಎಲೆಯ ಆಯುಸ್ಸೇ ಕೆಲವು ತಿಂಗಳಾಗಿರುವಾಗ, ಬೆಳವಣಿಗೆ ಕುಂಠಿತವಾಗುವುದು ಸಣ್ಣ ನಷ್ಟವಲ್ಲ.

ಮುಳ್ಳನ್ನು ಬೇಕಾದಾಗ ಮಾತ್ರ ಹಾಕಿಕೊಳ್ಳುವುದು ಲಾಭದಾಯಕವಾಗಬೇಕಾದರೆ ಶತ್ರು ಕೆಲವೊಮ್ಮೆ ಇರಬೇಕು, ಕೆಲವೊಮ್ಮೆ ಇರಬಾರದು. ವರ್ಷವಿಡೀ ಕಾಡುವ ಶತ್ರುವಾಗಿದ್ದರೆ ಮುಳ್ಳು ಹುಟ್ಟಿನಿಂದಲೇ ಇರುತ್ತಿತ್ತು. ಎಂದೂ ಬಾರದ ಶತ್ರುವಾಗಿದ್ದರೆ ಮುಳ್ಳಿನ ಮಾತೇ ಇರುತ್ತಿರಲಿಲ್ಲ. ಕೊರಾಂಬೆ ಹಂಗಾಮಿನಲ್ಲಿ ಬಂದು ಹಂಗಾಮಿನಲ್ಲಿ ಹೋಗುವ ಹುಳು. ಅದರ ಬರುವಿಕೆಯ ಅನಿಶ್ಚಿತತೆಯೇ ಮೆಂಬ್ರಾನಿಪೋರಕ್ಕೆ ಈ ವಿದ್ಯೆ ಕಲಿಸಿದೆ. ಋತುವಿನ ಪ್ರಶ್ನೆಯೂ ವೇಷದ ಪ್ರಶ್ನೆಯೂ ಒಂದೇ ಎಂದು ಮೊದಲೇ ಹೇಳಿದ್ದಕ್ಕೆ ಕಾರಣ ಇದು. ಹುಳು ಮನೆಯಿಂದ ಬಣ್ಣ ಕಲಿತಿದೆ, ಮನೆ ಹುಳುವಿನಿಂದ ಮುಳ್ಳು ಕಲಿತಿದೆ. ಇಬ್ಬರಿಗೂ ಪಾಠ ಹೇಳಿದ್ದು ಎಲೆಯ ಅಲ್ಪಾಯುಸ್ಸು.

ಉಳಿದದ್ದು ಕಣ್ಣುಳ್ಳವರ ಸಂಗತಿ. ವಠಾರಕ್ಕೆ ಕಾಣದ ವೇಷ ಮೀನಿನ ಕಣ್ಣು ತಪ್ಪಿಸಲು ತೊಟ್ಟ ವೇಷ. ಕೆಲ್ಪ್ ಕಾಡಿನ ಎಲೆಗಳ ನಡುವೆ ಸಣ್ಣ ಜೀವಗಳನ್ನು ಹೆಕ್ಕುತ್ತ ತಿರುಗುವ ಮೀನುಗಳು ಹಲವು. ಆದರೆ ಇಲ್ಲಿ ಒಂದು ತೊಡಕು ಇದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಸೆನ್ಯೊರೀಟ ಎಂಬ ಮೀನು ಹುಳುಗಳನ್ನಷ್ಟೇ ಹೆಕ್ಕುವುದಿಲ್ಲ. ಮೆಂಬ್ರಾನಿಪೋರ ಹಬ್ಬಿದ ಎಲೆಯನ್ನೇ ಕಚ್ಚಿ ತಿನ್ನುತ್ತದೆ ಎಂದು ಬರ್ನ್‌ಸ್ಟೀನ್ ಮತ್ತು ಯುಂಗ್ 1979ರಲ್ಲಿ ವಿವರಿಸಿದರು. ಅಂಥ ಬಾಯಿಗೆ ಮನೆಯಂತೆ ಕಾಣುವುದು ರಕ್ಷಣೆಯೇ ಅಲ್ಲ. ಮನೆಯೇ ತುತ್ತಾಗುವಾಗ ಮನೆಯ ಬಣ್ಣ ಬಳಿದುಕೊಂಡವನೂ ತುತ್ತು. ಆದ್ದರಿಂದ ಈ ವೇಷದ ಬೆಲೆಯನ್ನು ಮೀನಿನ ಜಾತಿ ಜಾತಿಗೆ ಬೇರೆ ಬೇರೆಯಾಗಿ ತೂಗಬೇಕು. ಹೆಕ್ಕುವ ಮೀನಿನ ಮುಂದೆ ಅದು ಕವಚ, ಎಲೆ ಕಚ್ಚುವ ಮೀನಿನ ಮುಂದೆ ಅದು ಏನೂ ಅಲ್ಲ. ಕೊರಾಂಬೆಯ ಬೆನ್ನಿನ ಚಿತ್ರದ ಸೊಗಸನ್ನು ಹೊಗಳುವ ಬರಹಗಳು ಈ ಎರಡನೆಯ ಮೀನನ್ನು ಮರೆಯುತ್ತವೆ.

ಇತರ ವೇಷಧಾರಿ ಹುಳುಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಕೊರಾಂಬೆಯ ಅವಸರ ಇನ್ನೂ ಸ್ಪಷ್ಟವಾಗುತ್ತದೆ. ಅದೇ ಕರಾವಳಿಯ ಬಂಡೆಗಳಲ್ಲಿ ಕೆಂಪು ಸ್ಪಂಜಿನ ಮೇಲೆ ಕೆಂಪಗೆ ಕೂರುವ ರೊಸ್ಟಾಂಗ ಪುಲ್ಕ್ರ ಇದೆ. ಅದರ ಮೊಟ್ಟೆಯ ಸುರುಳಿಯೂ ಕೆಂಪು. ಸ್ಪಂಜು ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಹುಳುವಿಗೂ ಓಟವಿಲ್ಲ. ಈಲ್‌ಗ್ರಾಸ್ ಎಂಬ ಕಡಲ ಹುಲ್ಲಿನ ಹಸಿರು ಗರಿಯ ಮೇಲೆ ಹಸಿರು ಪಟ್ಟೆಯಾಗಿ ಮಲಗುವ ಫಿಲ್ಲಪ್ಲೀಸಿಯ ಟೇಲರಿ ಹುಲ್ಲಿನ ಮೇಲೆ ಕಟ್ಟಿದ ಸೂಕ್ಷ್ಮ ಪಾಚಿಯನ್ನು ಕೆರೆದು ತಿನ್ನುತ್ತದೆ. ಅದು ಮರಿಗಳನ್ನು ನೀರಿಗೆ ಬಿಡುವುದೇ ಇಲ್ಲ. ಮೊಟ್ಟೆಯಿಂದ ಹರಿದಾಡುವ ಹುಳುವೇ ಹೊರಬಂದು ಅದೇ ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಹವಾಯಿಯಲ್ಲಿ ಹವಳದ ಮೇಲೆ ಬಾಳುವ ಫೆಸ್ಟಿಲ್ಲದ ಮೇಲೆ ಮೈಕೆಲ್ ಹ್ಯಾಡ್‌ಫೀಲ್ಡ್ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಅದರ ಮರಿ ಹವಳದಿಂದ ನೀರಿಗೆ ಸೇರುವ ರಾಸಾಯನಿಕವನ್ನು ಗ್ರಹಿಸಿದ ಕೂಡಲೇ ಈಜು ನಿಲ್ಲಿಸಿ ಕೆಳಗಿಳಿಯುತ್ತದೆ. ಮನೆ ಎಷ್ಟು ದಿನ ನಿಲ್ಲುತ್ತದೋ ಹುಳುವಿನ ಬದುಕಿಗೆ ಅಷ್ಟೇ ಬಿಡುವು.

ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ನಡೆದದ್ದು ಇದೇ ಕಥೆಯ ಇನ್ನೊಂದು ಮಗ್ಗುಲು. ಅಲ್ಲಿ ಮೊದಲು ಮೆಂಬ್ರಾನಿಪೋರ ಇರಲಿಲ್ಲ. 1987ರಲ್ಲಿ ಗಲ್ಫ್ ಆಫ್ ಮೇನ್‌ನಲ್ಲಿ ಕಂಡಿತು, 1990ರ ದಶಕದ ಆರಂಭದಲ್ಲಿ ಕೆನಡಾದ ನೋವಾ ಸ್ಕೋಶಿಯಾ ತಲುಪಿತು. ಮನೆ ಬಂತು, ಕೊರಾಂಬೆ ಸ್ಟೈನ್‌ಬರ್ಗೆ ಬರಲಿಲ್ಲ. ಬಿಳಿ ಪೊರೆ ಹಬ್ಬಿದ ಎಲೆ ಪೆಡಸಾಗಿ ಶರತ್ಕಾಲದ ಬಿರುಗಾಳಿಗೆ ಮುರಿದು ಬೀಳುತ್ತ ಬಂತು. ಕೆಲ್ಪ್ ಬೋಳಾದ ಕಡೆ ಕೋಡಿಯಂ ಎಂಬ ಹೊರಗಿನ ಹಸಿರು ಪಾಚಿ ನೆಲೆಯೂರಿತು. ಅಲ್ಲಿ ಮೊದಲಿನಿಂದಲೂ ಇರುವ ಆಂಕಿಡೋರಿಸ್ ಮ್ಯೂರಿಕೇಟ ಎಂಬ ಸ್ಲಗ್ ಈ ಹೊಸ ಊಟವನ್ನು ತಿನ್ನಲು ಕಲಿತಿದೆ. ಆದರೆ ಅದು ವರ್ಷಕ್ಕೊಂದೇ ತಲೆಮಾರಿನ ಹುಳು, ಚಳಿಗಾಲದಿಂದ ವಸಂತದವರೆಗೆ ಮೊಟ್ಟೆಯಿಡುವಂಥದ್ದು. ಬೇಸಿಗೆಯಲ್ಲಿ ಮೆಂಬ್ರಾನಿಪೋರ ಸಾಲಿನ ಮೇಲೆ ಸಾಲು ಕೋಣೆ ಕಟ್ಟುವಾಗ, ಕೊರಾಂಬೆಯ ಹಾಗೆ ಅದರ ಬೆನ್ನಟ್ಟಿ ತಲೆಮಾರಿನ ಮೇಲೆ ತಲೆಮಾರು ಹೆರುವ ಗುಣ ಅದಕ್ಕಿಲ್ಲ. ತಿನ್ನುವವನು ಇದ್ದರೆ ಸಾಲದು, ತಿನ್ನುವವನ ಕ್ಯಾಲೆಂಡರ್ ಹೊಂದಬೇಕು ಎಂಬುದು ಈ ಎರಡು ಕಡಲುಗಳನ್ನು ಹೋಲಿಸಿ ಓದಿದ ನನ್ನ ತೀರ್ಮಾನ.

ನೋವಾ ಸ್ಕೋಶಿಯಾದಲ್ಲಿ ಮೇಗನ್ ಸಾಂಡರ್ಸ್ ಮತ್ತು ಆನಾ ಮೆಟಾಕ್ಸಸ್ 2007ರಿಂದ ಪ್ರಕಟಿಸಿದ ಅಧ್ಯಯನಗಳು ಇನ್ನೊಂದು ಎಚ್ಚರಿಕೆ ಕೊಡುತ್ತವೆ. ನೀರಿನ ಉಷ್ಣತೆಯೇ ಮೆಂಬ್ರಾನಿಪೋರದ ನೆಲೆಯೂರುವ ಕಾಲವನ್ನು ನಿರ್ಧರಿಸುತ್ತದೆ. ಬೆಚ್ಚಗಿನ ವರ್ಷಗಳಲ್ಲಿ ಅದು ಬೇಗ ಬರುತ್ತದೆ, ಹೆಚ್ಚು ಬರುತ್ತದೆ. ಕಡಲು ಬಿಸಿಯೇರುತ್ತಿರುವ ಕಾಲದಲ್ಲಿ ಎಲೆಯ ಕ್ಯಾಲೆಂಡರ್ ಒಂದು ಕಡೆ, ವಠಾರದ ಕ್ಯಾಲೆಂಡರ್ ಇನ್ನೊಂದು ಕಡೆ ಸರಿದರೆ ನಡುವೆ ಸಿಕ್ಕುವುದು ಹುಳು.

ಪೆಸಿಫಿಕ್ ದಂಡೆಯಲ್ಲಿ ಕಷ್ಟ ಅದಕ್ಕಿಂತ ನೇರವಾಗಿದೆ. ಅಲ್ಲಿ ಎಲೆಯೇ ಇಲ್ಲವಾಗುತ್ತಿದೆ. 2013ರಿಂದ ಕಡಲ ನಕ್ಷತ್ರಗಳನ್ನು ಕರಗಿಸಿದ ರೋಗ, 2014ರಿಂದ 2016ರವರೆಗಿನ ಕಡಲ ಬಿಸಿಯಲೆ, ತಮ್ಮನ್ನು ತಿನ್ನುತ್ತಿದ್ದ ನಕ್ಷತ್ರಗಳು ಸತ್ತ ಮೇಲೆ ಅಂಕೆ ಮೀರಿ ಕೆಲ್ಪ್ ಮೇಯ್ದ ನೇರಳೆ ಕಡಲ ಮುಳ್ಳುಚೆಂಡುಗಳು, ಇವೆಲ್ಲ ಸೇರಿ ಉತ್ತರ ಕ್ಯಾಲಿಫೋರ್ನಿಯಾದ ಸುಮಾರು 350 ಕಿಲೋಮೀಟರ್ ಕರಾವಳಿಯಲ್ಲಿ ಬುಲ್ ಕೆಲ್ಪ್ ಕಾಡಿನ ಶೇಕಡಾ 90ಕ್ಕಿಂತ ಹೆಚ್ಚು ಭಾಗ ಹೋಯಿತು. ವಾಷಿಂಗ್ಟನ್ನಿನ ದಕ್ಷಿಣ ಪ್ಯೂಜೆಟ್ ಸೌಂಡಿನಲ್ಲಿ 1870ರ ದಶಕದ ನಕ್ಷೆಗಳಿಗೆ ಹೋಲಿಸಿದರೆ ಇಂದಿನ ಬುಲ್ ಕೆಲ್ಪ್ ಹರವು ಶೇಕಡಾ 63ರಷ್ಟು ಕಡಿಮೆ. ಕಡಲ ನಕ್ಷತ್ರಗಳ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು 2025ರಲ್ಲಿ ಗುರುತಿಸಿದ ತಂಡದಲ್ಲಿ, ನಲವತ್ತು ವರ್ಷದ ಹಿಂದೆ ಮೆಂಬ್ರಾನಿಪೋರದ ಮುಳ್ಳು ಕಂಡ ಅದೇ ಡ್ರೂ ಹಾರ್ವೆಲ್ ಇದ್ದರು. ಕೆಲ್ಪ್ ಕಾಡನ್ನು ಪ್ರೀತಿಸಿದವರ ಕೆಲಸ ಎಲ್ಲಿಂದ ಶುರುವಾದರೂ ಅಲ್ಲಿಗೇ ಬಂದು ಸೇರುತ್ತಿದೆ.

ಕೆಲ್ಪ್ ಹೋದರೆ ತಿಮಿಂಗಿಲ, ನೀರುನಾಯಿ, ಅಬಲೋನಿ ಎಂಬ ಚಿಪ್ಪುಜೀವಿ, ಇವುಗಳ ಹೆಸರು ಹೇಳಿ ಮರುಗುವವರು ಬೇಕಾದಷ್ಟಿದ್ದಾರೆ, ಇರಲೂಬೇಕು. ಎಲೆಯ ಮೇಲಿನ ಪೊರೆಯನ್ನು, ಪೊರೆಯ ಮೇಲಿನ ಹುಳುವನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಕಾಣದಂತೆ ಬದುಕಲು ಇಷ್ಟು ಪಾಡುಪಟ್ಟ ಜೀವ ಕಾಣದಂತೆಯೇ ಕಡಿಮೆಯಾಗುವುದು ಸುಲಭ. ಅದನ್ನು ತಡೆಯಲು ಮೊದಲು ಬೇಕಾದದ್ದು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಯಾವ ಎಲೆಯ ಮೇಲೆ ಕಂಡಿತು ಎಂಬ ಸಾದಾ ದಾಖಲೆ.

ಸಿಯಾಟಲ್‌ನಲ್ಲಿ, ವ್ಯಾಂಕೂವರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಊರುಗಳಲ್ಲಿ ಕನ್ನಡದ ಮನೆಗಳು ಈಗ ಬಹಳ. ವಾರಾಂತ್ಯದಲ್ಲಿ ಮಕ್ಕಳನ್ನು ಕಡಲ ದಂಡೆಗೆ ಕರೆದುಕೊಂಡು ಹೋಗುವವರು ನೀವು. ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ತೇಲಿಬಂದ ಕೆಲ್ಪ್ ಎಲೆ ಸಿಕ್ಕರೆ ಅದರ ಬಿಳಿ ಪೊರೆಯನ್ನು ಭೂತಗನ್ನಡಿಯಲ್ಲಿ ನಿಧಾನವಾಗಿ ನೋಡಿ. ಮೊದಲು ಸುರುಳಿ ಮೊಟ್ಟೆಪಟ್ಟಿ ಹುಡುಕಿ, ಅದು ಹುಳುವಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ಖಾಲಿಯಾದ ಕೋಣೆಗಳ ಜಾಡು ಹಿಡಿದು ಹೋದರೆ ಹುಳುವೂ ಸಿಕ್ಕೀತು. ಹಿಂಬದಿಯಲ್ಲಿ ಕಚ್ಚು ಇದೆಯೇ ನೋಡಿ. ಚಿತ್ರ ತೆಗೆದು, ಜಾಗ ಮತ್ತು ತಾರೀಕಿನೊಂದಿಗೆ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿ. ನೋಡಿದ ಮೇಲೆ ಎಲೆಯನ್ನು ಮತ್ತೆ ನೀರಿಗೇ ಬಿಡಿ.